ಹಿಂಬರಹವೂ ದೋಷಸಂಕೇತವೂ: ಜಾಲತಾಣ ಮತ್ತು ವೆಬ್ ಎಪಿಐಗಳ ದೋಷನಿರ್ವಹಣೆಯ ಚರಿತ್ರೆ

1

ಕೇಳಿದವನಿಗೆ ಕೇಳಿದ್ದು ದೊರೆಯದೆ ಹೋದಾಗ ಆತನಿಗೆ ಯಾವ ಉತ್ತರವನ್ನು ಕೊಡಬೇಕು ಎಂಬುದು ಆಡಳಿತದ ಹಳೆಯ ಪ್ರಶ್ನೆಗಳಲ್ಲೊಂದು. ಕನ್ನಡನಾಡಿನ ಕಚೇರಿಗಳಲ್ಲಿ ಆ ಉತ್ತರಕ್ಕೆ ಒಂದು ಹೆಸರುಂಟು, ಅದು ಹಿಂಬರಹ. ಅರ್ಜಿಯನ್ನು ಏಕೆ ಮನ್ನಿಸಲಾಗಲಿಲ್ಲ, ಯಾವ ಕಾಗದ ಕೊರತೆಯಾಗಿದೆ, ಇನ್ನು ಯಾರ ಬಳಿಗೆ ಹೋಗಬೇಕು ಎಂಬುದನ್ನು ಅಧಿಕಾರಿಯು ಬರೆದು ರುಜು ಹಾಕಿ ಕೊಡುವ ಪತ್ರವಿದು. ಹಿಂಬರಹವನ್ನು ಪಡೆದ ರೈತನಿಗೆ ಬೇಡಿದ್ದು ದೊರೆತಿರುವುದಿಲ್ಲ, ನಿಜ. ಆದರೆ ಮುಂದಿನ ಹೆಜ್ಜೆ ಯಾವುದೆಂಬ ತಿಳಿವಳಿಕೆ ದೊರೆತಿರುತ್ತದೆ. ಮೇಲ್ಮನವಿಗೆ ಅದೇ ಆಧಾರ. ಹಿಂಬರಹವಿಲ್ಲದೆ ‘ಆಗುವುದಿಲ್ಲ, ಹೋಗು’ ಎಂಬ ಬಾಯಿಮಾತನ್ನು ಮಾತ್ರ ಕೇಳಿ ಹಿಂದಿರುಗಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇಂದು ಆ ಅರ್ಜಿಗಳ ಬಹುಭಾಗವು ಗಣಕಯಂತ್ರದ ಮೂಲಕ ಸಾಗುತ್ತದೆ. ಕೇಳುವವನು ಒಮ್ಮೆ ಮನುಷ್ಯ, ಒಮ್ಮೆ ಇನ್ನೊಂದು ಯಂತ್ರ. ಮನುಷ್ಯನು ಬ್ರೌಸರಿನ ಮೂಲಕ ನೋಡುವುದು ಜಾಲತಾಣ. ಒಂದು ಇಲಾಖೆಯ ಕಾರ್ಯಕ್ರಮವು ಮತ್ತೊಂದು ಇಲಾಖೆಯ ಕಾರ್ಯಕ್ರಮವನ್ನು ಕೇಳುವ ಬಾಗಿಲು ವೆಬ್ ಎಪಿಐ. ಒಂದೇ ಸರ್ವರು ಇವೆರಡನ್ನೂ ನಡೆಸುವುದು ಸಾಮಾನ್ಯ. ದೋಷವು ಸಂಭವಿಸಿದಾಗ ಈ ಎರಡು ಬಾಗಿಲುಗಳಲ್ಲಿ ನಿಂತವರಿಗೆ ಏನು ಉತ್ತರ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸಿಡುವುದಕ್ಕೆ ದೋಷನಿರ್ವಹಣೆಯ ವಿನ್ಯಾಸವೆನ್ನುತ್ತಾರೆ. ಇದನ್ನು ಕೇವಲ ಯಂತ್ರಜ್ಞರ ವಿಷಯವೆಂದು ಭಾವಿಸುವುದು ರೂಢಿ. ಆದರೆ ಇದರ ಚರಿತ್ರೆಯನ್ನು ಪರಿಶೀಲಿಸಿದರೆ, ಹಿಂಬರಹದ ಹಿಂದೆ ಇದ್ದ ತತ್ತ್ವವೇ ಇಲ್ಲಿಯೂ ಮತ್ತೆ ಮತ್ತೆ ಮರೆತುಹೋಗಿ, ಮತ್ತೆ ಮತ್ತೆ ಕಂಡುಕೊಳ್ಳಲ್ಪಟ್ಟಿದೆ ಎಂಬುದು ವಿಶದವಾಗುತ್ತದೆ. ಅದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವು ಯಾರಿಗೆ ಮುಟ್ಟುತ್ತದೆ ಎಂಬುದನ್ನು ಕಾಣಲು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಂತಹ ಊರನ್ನು ಗಮನದಲ್ಲಿಟ್ಟುಕೊಳ್ಳಬಹುದು. ಇದು ನಾಗರಹೊಳೆ ಅರಣ್ಯದ ಪ್ರವೇಶದ್ವಾರವಿರುವ ಸ್ಥಳ. ಒಂದು ಮಗ್ಗುಲಿಗೆ ಹೊಗೆಸೊಪ್ಪು ರಾಗಿಗಳ ಹೊಲಗಳು. ಮತ್ತೊಂದು ಮಗ್ಗುಲಿಗೆ ಕಾಡು, ಅದರ ಒಳಗೂ ಅಂಚಿನಲ್ಲೂ ಜೇನುಕುರುಬ, ಬೆಟ್ಟಕುರುಬ, ಯರವ ಜನರ ಹಾಡಿಗಳು. ಇಲ್ಲಿನ ರೈತನ ಪಹಣಿ, ಹಾಡಿಯವರ ಪಡಿತರ, ಕಾಡಿನ ಮೇಲಿನ ಹಕ್ಕಿನ ಅರ್ಜಿ, ಇವೆಲ್ಲವೂ ದೂರದ ಯಾವುದೋ ದಾಖಲೆಯೊಡನೆ ಹೊಂದಿಕೆಯಾಗಬೇಕಾದ ವಿಷಯಗಳು. ತಾಲ್ಲೂಕು ಕಚೇರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದುದರಿಂದ ‘ದೋಷ ಸಂಭವಿಸಿದೆ’ ಎಂಬ ಎರಡು ಪದಗಳ ಉತ್ತರಕ್ಕೂ, ‘ಇಂಥ ಕಾಗದವಿಲ್ಲ, ಇಂಥವರನ್ನು ಕಾಣಿರಿ’ ಎಂಬ ಉತ್ತರಕ್ಕೂ ಇರುವ ಅಂತರವನ್ನು ಇಲ್ಲಿ ಹಣದಲ್ಲಿಯೇ ಎಣಿಸಬಹುದು.

2

ಮೊದಲು ಕಾಗದದ ಕಾಲದ ವ್ಯವಸ್ಥೆಯನ್ನು ನೋಡೋಣ. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆ ಮೊದಲಾದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಶಾಸನವು 1961ರಲ್ಲಿ ಆಯಿತು. ಅದರ ಬೆನ್ನಿಗೆ ಬಂದ 1964ರ ಭೂಕಂದಾಯ ಶಾಸನವು ಹಕ್ಕುದಾಖಲೆಯಲ್ಲಿ ಆಗುವ ಬದಲಾವಣೆಗಳ ಕ್ರಮವನ್ನು ವಿವರವಾಗಿ ಗೊತ್ತುಮಾಡಿತು. ಅದರ 128 ಮತ್ತು 129ನೆಯ ಪ್ರಕರಣಗಳನ್ನು ಇಂದಿನ ಗಣಕವಿನ್ಯಾಸಕಾರರೂ ಓದಬಹುದು.

ಜಮೀನಿನ ಹಕ್ಕನ್ನು ಪಡೆದವನು ವರದಿ ಮಾಡಿದೊಡನೆ ಅಧಿಕಾರಿಯು ಅದಕ್ಕೆ ಬರಹದ ಸ್ವೀಕೃತಿಯನ್ನು ಕೊಡತಕ್ಕದ್ದು. ವರದಿಯನ್ನು ಮ್ಯುಟೇಷನ್ ರಿಜಿಸ್ಟರಿನಲ್ಲಿ ದಾಖಲಿಸತಕ್ಕದ್ದು. ಅದರ ಪೂರ್ಣ ನಕಲನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸತಕ್ಕದ್ದು. ಸಂಬಂಧಪಟ್ಟವರಿಗೆ ಬರಹದಲ್ಲಿ ತಿಳಿಸತಕ್ಕದ್ದು. ಯಾರಾದರೂ ಬಾಯಿಮಾತಿನಿಂದಲಾಗಲಿ ಬರಹದಿಂದಲಾಗಲಿ ತಕರಾರು ಮಾಡಿದರೆ ಅದನ್ನು ತಕರಾರು ಪ್ರಕರಣಗಳ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು, ತಕರಾರುದಾರನಿಗೂ ಸ್ವೀಕೃತಿಯನ್ನು ಕೊಡತಕ್ಕದ್ದು. ನೋಂದಾಯಿತ ಪತ್ರದ ಮೂಲಕ ಹಕ್ಕು ಬಂದಿದ್ದರೆ ರೈತನೇ ಬಂದು ವರದಿ ಮಾಡಬೇಕಾಗಿಲ್ಲ; ನೋಂದಣಿ ಅಧಿಕಾರಿಯೇ ಕಂದಾಯದ ಅಧಿಕಾರಿಗೆ ತಿಳಿಸಬೇಕು.

ಈ ಕ್ರಮದಲ್ಲಿ ಮೂರು ಅಂಶಗಳು ಗಮನಾರ್ಹವಾದುವು. ಸರಿಯಾದ ಕೆಲಸಕ್ಕೆ ಒಂದು ಪುಸ್ತಕ, ತಕರಾರಿಗೆ ಮತ್ತೊಂದು ಪುಸ್ತಕ ಇರುವುದು ಒಂದು. ಸಾರ್ವಜನಿಕರಿಗೆ ಚಾವಡಿಯ ನಕಲು, ಕಚೇರಿಗೆ ರಿಜಿಸ್ಟರು ಎಂದು ಒಂದೇ ಸಂಗತಿಗೆ ಎರಡು ರೂಪಗಳಿರುವುದು ಎರಡನೆಯದು. ಮನುಷ್ಯನ ವರದಿಗೆ ಒಂದು ದಾರಿ, ಕಚೇರಿಯಿಂದ ಕಚೇರಿಗೆ ಬರುವ ವರದಿಗೆ ಬೇರೊಂದು ದಾರಿ ಇರುವುದು ಮೂರನೆಯದು. ಜಾಲತಾಣಕ್ಕೂ ವೆಬ್ ಎಪಿಐಗೂ ದೋಷನಿರ್ವಹಣೆಯನ್ನು ಬೇರೆಬೇರೆಯಾಗಿ ಏರ್ಪಡಿಸಬೇಕೆಂದು ಇಂದು ಹೇಳುವ ಪಾಠವು ಇದಕ್ಕಿಂತ ಬೇರೆಯಲ್ಲ.

3

ಇನ್ನು ಯಂತ್ರದ ಕಡೆಯ ಚರಿತ್ರೆ. ಜಾಲತಾಣಗಳಲ್ಲಿ ಕಾಣುವ 404, 500 ಮೊದಲಾದ ಮೂರಂಕಿಯ ಸಂಖ್ಯೆಗಳು ವರ್ಲ್ಡ್ ವೈಡ್ ವೆಬ್‌ಗಿಂತ ಹಳೆಯ ವಂಶಕ್ಕೆ ಸೇರಿದುವು. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಕಡತಗಳನ್ನು ಸಾಗಿಸುವ ಎಫ್‌ಟಿಪಿ ಎಂಬ ನಿಯಮಾವಳಿಯ ಉತ್ತರಸಂಕೇತಗಳನ್ನು ಪರಿಷ್ಕರಿಸಿ 1974ರ ಜೂನಿನಲ್ಲಿ ಜಾನ್ ಪೋಸ್ಟೆಲ್ ಅವರು 640ನೆಯ ಆರ್‌ಎಫ್‌ಸಿಯನ್ನು ಹೊರತಂದರು. ಪ್ರತಿಯೊಂದು ಉತ್ತರದಲ್ಲಿಯೂ ಒಂದು ಸಂಖ್ಯೆ ಮತ್ತು ಒಂದು ವಾಕ್ಯವಿರಬೇಕು. ಸಂಖ್ಯೆಯು ಯಂತ್ರಕ್ಕಾಗಿ, ವಾಕ್ಯವು ಮನುಷ್ಯನಿಗಾಗಿ ಎಂಬುದು ಅದರ ಮೂಲ ಕಲ್ಪನೆ. ಸಂಖ್ಯೆಯ ಮೊದಲ ಅಂಕಿಯನ್ನು ನೋಡಿದರೆ ಸಾಕು, ಯಂತ್ರಕ್ಕೆ ಮುಂದಿನ ಹೆಜ್ಜೆ ತಿಳಿಯಬೇಕು. 4ರಿಂದ ಮೊದಲಾದುದು ತಾತ್ಕಾಲಿಕ ವೈಫಲ್ಯ, ಮತ್ತೆ ಪ್ರಯತ್ನಿಸಬಹುದು. 5ರಿಂದ ಮೊದಲಾದುದು ಶಾಶ್ವತ ವೈಫಲ್ಯ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ಪ್ರಯೋಜನವಿಲ್ಲ. 1982ರಲ್ಲಿ ಬಂದ ವಿದ್ಯುನ್ಮಾನ ಅಂಚೆಯ ನಿಯಮಾವಳಿಯೂ ಇದನ್ನೇ ಅನುಸರಿಸಿತು.

ಇಷ್ಟು ಸ್ಪಷ್ಟವಾದ ತತ್ತ್ವವು ಕೈಯಲ್ಲಿದ್ದರೂ ವೆಬ್ಬಿನ ಆರಂಭದಲ್ಲಿ ಅದು ಬಿಟ್ಟುಹೋಯಿತು ಎಂಬುದು ಕುತೂಹಲಕರ ಸಂಗತಿ. ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಎಚ್‌ಟಿಟಿಪಿಯ 1991ರ ಮೊದಲ ರೂಪದಲ್ಲಿ ದೋಷಸಂಕೇತಗಳೇ ಇರಲಿಲ್ಲ. ದೋಷವಾದರೆ ಸರ್ವರು ಮನುಷ್ಯನು ಓದತಕ್ಕ ಒಂದು ಪುಟವನ್ನು ಕಳುಹಿಸುತ್ತಿತ್ತು. ಆ ಪುಟವು ಬೇಡಿದ ಪುಟವೋ ದೋಷದ ಪುಟವೋ ಎಂಬುದನ್ನು ಒಳಗಿನ ಮಾತನ್ನು ಓದಿಯೇ ತಿಳಿಯಬೇಕಾಗಿತ್ತು. ಓದುವವನು ಮನುಷ್ಯನೇ ಆಗಿರುವವರೆಗೆ ಇದು ನಡೆಯುತ್ತದೆ. ಯಂತ್ರವು ಓದತೊಡಗಿದೊಡನೆ ನಡೆಯುವುದಿಲ್ಲ. ಮುಂದಿನ ರೂಪದಲ್ಲಿ ಸಂಖ್ಯೆಗಳು ಬಂದುವು. 1996ರ ಮೇ ತಿಂಗಳಿನ 1945ನೆಯ ಆರ್‌ಎಫ್‌ಸಿಯಲ್ಲಿ ಅವು ಸ್ಥಿರಗೊಂಡುವು.

ಆದರೆ ಈ ಪುನರಾಗಮನದಲ್ಲಿ ಅಂಕಿಗಳ ಅರ್ಥವು ಬದಲಾಯಿತು. ಎಚ್‌ಟಿಟಿಪಿಯಲ್ಲಿ 4ರ ವರ್ಗವೆಂದರೆ ಕೇಳಿದವನ ದೋಷ, 5ರ ವರ್ಗವೆಂದರೆ ಸರ್ವರಿನ ದೋಷ. ಹಿಂದೆ ‘ಮತ್ತೆ ಕೇಳಬಹುದೇ?’ ಎಂಬ ಪ್ರಶ್ನೆಗೆ ಉತ್ತರವಾಗಿದ್ದ ಅಂಕಿಯು ಈಗ ‘ಇದು ಯಾರ ತಪ್ಪು?’ ಎಂಬ ಪ್ರಶ್ನೆಗೆ ಉತ್ತರವಾಯಿತು. ಹೊಣೆಯನ್ನು ಗೊತ್ತುಪಡಿಸಿದ್ದು ಲಾಭವೇ ಸರಿ. ಆದರೆ ಮುಂದಿನ ಹೆಜ್ಜೆಯ ಸೂಚನೆಯು ಮಸಕಾಯಿತು. 503 ಎಂಬ ಉತ್ತರದೊಡನೆ ‘ಇಷ್ಟು ಸೆಕೆಂಡುಗಳ ಅನಂತರ ಬನ್ನಿ’ ಎಂದು ತಿಳಿಸುವ ರಿಟ್ರೈ-ಆಫ್ಟರ್ ಎಂಬ ಸಾಲನ್ನು ಕಳುಹಿಸಲು ಅವಕಾಶವಿರುವುದು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದಕ್ಕೆ.

404 ಎಂಬ ಸಂಖ್ಯೆಯು ಸರ್ನ್ ಸಂಸ್ಥೆಯ ಒಂದು ಕೊಠಡಿಯ ಸಂಖ್ಯೆಯಿಂದ ಬಂದಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಬರ್ನರ್ಸ್-ಲೀ ಅವರ ಸಹೋದ್ಯೋಗಿಯಾಗಿದ್ದ ರಾಬರ್ಟ್ ಕೈಯೋ ಅವರು ಇದನ್ನು ನಿರಾಕರಿಸಿದ್ದಾರೆ. 400ರ ವರ್ಗದ ನಾಲ್ಕನೆಯ ಅಂಶವೆಂಬ ಸರಳ ಕಾರಣವಿರುವಾಗ ಕೊಠಡಿಯ ಕಥೆಯು ಅನಾವಶ್ಯಕ. ಹೆಸರಿಗೊಂದು ಕಥೆಯನ್ನು ಕಟ್ಟುವುದು ಸ್ಥಳಪುರಾಣಗಳಿಗೆ ಮಾತ್ರ ಮೀಸಲಾದುದಲ್ಲವೆಂದು ಇದರಿಂದ ತಿಳಿಯಬಹುದು.

4

ಕರ್ನಾಟಕದಲ್ಲಿ ಈ ಎರಡು ಚರಿತ್ರೆಗಳು ಒಂದುಗೂಡಿದ್ದು ‘ಭೂಮಿ’ ಯೋಜನೆಯಲ್ಲಿ. ಕಂದಾಯ ಇಲಾಖೆಯೂ ರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಕೇಂದ್ರವೂ ಕೂಡಿ ನಡೆಸಿದ ಈ ಕಾರ್ಯದಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದುವು. 2002ರ ವೇಳೆಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ ಭೂಮಿ ಕೇಂದ್ರಗಳು ಸ್ಥಾಪಿತವಾಗಿ, 15 ರೂಪಾಯಿಗೆ ಪಹಣಿಯ ಮುದ್ರಿತ ಪ್ರತಿ ದೊರೆಯತೊಡಗಿತು. ಆ ಕೇಂದ್ರಗಳ ಒಂದು ಏರ್ಪಾಟು ನಮ್ಮ ವಿಷಯಕ್ಕೆ ಬಹಳ ಸಮೀಪವಾದುದು. ನೌಕರನ ಮುಂದೆ ಒಂದು ಪರದೆಯಿದ್ದರೆ, ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನು ಇಡಲಾಗಿತ್ತು. ತನ್ನ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ರೈತನೇ ನೋಡಬಹುದಾಗಿತ್ತು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿರ್ಬಂಧವನ್ನೂ ಕಾರ್ಯಕ್ರಮದೊಳಗೆ ಸೇರಿಸಲಾಗಿತ್ತು.

ಮುಂದೆ ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನದ ‘ಮೋಜಿಣಿ’, ರೈತರ ನೋಂದಣಿಯ ‘ಫ್ರೂಟ್ಸ್’ ಎಂಬ ವ್ಯವಸ್ಥೆಗಳು ಬಂದು, ಭೂಮಿಯೊಡನೆ ದತ್ತಾಂಶದ ವಿನಿಮಯವನ್ನು ಆರಂಭಿಸಿದುವು. ಕ್ರಯಪತ್ರವು ನೋಂದಣಿಯಾದಾಗ ‘ಜೆ ಸ್ಲಿಪ್’ ಎಂಬ ವರದಿಯು ಉಪನೋಂದಣಿ ಕಚೇರಿಯಿಂದ ಭೂಮಿಗೆ ಗಣಕದ ಮೂಲಕವೇ ಹೋಗುವಂತಾಯಿತು. 128ನೆಯ ಪ್ರಕರಣದಲ್ಲಿ ನೋಂದಣಿ ಅಧಿಕಾರಿಯ ಮೇಲೆ ಹೊರಿಸಿದ್ದ ಕರ್ತವ್ಯವು ಯಂತ್ರದಿಂದ ಯಂತ್ರಕ್ಕೆ ಹೋಗುವ ಸಂದೇಶವಾಗಿ ಮಾರ್ಪಟ್ಟಿತೆಂದು ಹೇಳಬಹುದು.

ಇಲ್ಲಿಂದ ದೋಷದ ಸ್ವರೂಪವೇ ಬದಲಾಗುತ್ತದೆ. ಒಂದು ವ್ಯವಸ್ಥೆಯಲ್ಲಿ ಆದ ದೋಷವು ಇನ್ನೊಂದರ ಮೂಲಕ, ಮೂರನೆಯದರ ಪರದೆಯ ಮೇಲೆ, ನಾಲ್ಕನೆಯವನ ಕಣ್ಣಿಗೆ ಬೀಳುತ್ತದೆ. ಬ್ಯಾಂಕಿನಲ್ಲಿ ಬೆಳೆಸಾಲಕ್ಕೆ ಕುಳಿತ ರೈತನಿಗೆ ‘ದಾಖಲೆ ಸಿಗಲಿಲ್ಲ’ ಎಂದರೆ, ಆ ಸರ್ವೆ ನಂಬರೇ ಇಲ್ಲವೋ, ಇದ್ದೂ ಹೆಸರು ಹೊಂದಲಿಲ್ಲವೋ, ಅಥವಾ ಆ ಹೊತ್ತಿಗೆ ಸರ್ವರು ಉತ್ತರಿಸಲಿಲ್ಲವೋ? ಮೊದಲನೆಯದಾದರೆ ಕಂದಾಯ ಕಚೇರಿಗೆ ಹೋಗಬೇಕು. ಎರಡನೆಯದಾದರೆ ಹೆಸರಿನ ತಿದ್ದುಪಡಿ ಆಗಬೇಕು. ಮೂರನೆಯದಾದರೆ ಅರ್ಧ ಗಂಟೆ ಕಾದರೆ ಸಾಕು. ಮೂರಕ್ಕೂ ಒಂದೇ ಉತ್ತರ ಬಂದರೆ ರೈತನು ತಪ್ಪಾದ ಬಾಗಿಲಿಗೆ ಅಲೆಯುತ್ತಾನೆ.

5

ಕಾರ್ಯಕ್ರಮದ ಒಳಗೆ ದೋಷವನ್ನು ಹಿಡಿಯುವ ಕಲೆಗೂ ತನ್ನದೇ ಆದ ಚರಿತ್ರೆಯಿದೆ. 1960ರ ದಶಕದ ಪಿಎಲ್/1 ಭಾಷೆಯಲ್ಲಿ ‘ಇಂಥ ಸ್ಥಿತಿ ಒದಗಿದರೆ ಇಂಥದನ್ನು ಮಾಡು’ ಎಂದು ಮೊದಲೇ ಹೇಳಿಡುವ ಸೌಲಭ್ಯವಿತ್ತು. ಜಾನ್ ಗುಡೆನೌ ಅವರು 1975ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟಿತು. ಅಪವಾದವೊಂದು ಎದ್ದಾಗ ಅದನ್ನು ಎದ್ದ ಸ್ಥಳದಲ್ಲಿಯೇ ನಿರ್ವಹಿಸಬಹುದು. ಸಾಧ್ಯವಾಗದಿದ್ದರೆ ಕರೆದವನಿಗೆ, ಅವನಿಂದಾಗದಿದ್ದರೆ ಅವನನ್ನು ಕರೆದವನಿಗೆ ಅದು ಏರುತ್ತಾ ಹೋಗುತ್ತದೆ. ಎಲ್ಲಿಯೂ ನಿರ್ವಹಿತವಾಗದೆ ಉಳಿದುದನ್ನು ಎಲ್ಲಕ್ಕಿಂತ ಹೊರಗೆ ನಿಂತ ಒಬ್ಬನು ಹಿಡಿಯಬೇಕು. ಜಾಲತಾಣದ ದೋಷವಿನ್ಯಾಸವೆಂದರೆ ಮುಖ್ಯವಾಗಿ ಈ ಹೊರಗಿನ ಕಾವಲುಗಾರನ ಏರ್ಪಾಟೇ ಆಗಿದೆ.

ಮೈಕ್ರೋಸಾಫ್ಟ್ ಸಂಸ್ಥೆಯ ಎಎಸ್‌ಪಿ ಡಾಟ್ ನೆಟ್ ಎಂಬ ಚೌಕಟ್ಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2002ರಲ್ಲಿ ಬಂದ ಅದರ ಮೊದಲ ರೂಪದಲ್ಲಿ ವೆಬ್ ಡಾಟ್ ಕಾನ್ಫಿಗ್ ಎಂಬ ಕಡತದಲ್ಲಿ ‘ಕಸ್ಟಮ್ ಎರರ್ಸ್’ ಎಂಬ ಭಾಗವಿತ್ತು. ಅದಕ್ಕೆ ಮೂರು ಸ್ಥಿತಿಗಳು. ‘ಆಫ್’ ಎಂದರೆ ದೋಷದ ಒಳವಿವರಗಳು ಎಲ್ಲರಿಗೂ ಕಾಣುತ್ತವೆ. ‘ಆನ್’ ಎಂದರೆ ಯಾರಿಗೂ ಕಾಣುವುದಿಲ್ಲ, ಗೊತ್ತುಪಡಿಸಿದ ಪುಟವು ಮಾತ್ರ ಬರುತ್ತದೆ. ‘ರಿಮೋಟ್ ಓನ್ಲಿ’ ಎಂದರೆ ಸರ್ವರಿನ ಮುಂದೆಯೇ ಕುಳಿತವನಿಗೆ ವಿವರ, ದೂರದವರಿಗೆ ಪುಟ. ಒಳಗಿನವನಿಗೂ ಹೊರಗಿನವನಿಗೂ ಉತ್ತರವು ಬೇರೆಯಾಗಿರಬೇಕೆಂಬ ವಿವೇಕ ಇದರಲ್ಲಿತ್ತು. ಆದರೆ ಹೊರಗಿನವರೆಲ್ಲರೂ ಮನುಷ್ಯರೇ ಎಂಬ ಗೃಹೀತವೂ ಇತ್ತು.

2012ರಲ್ಲಿ ಇದೇ ಚೌಕಟ್ಟಿಗೆ ವೆಬ್ ಎಪಿಐ ಎಂಬ ಅಂಗವು ಸೇರಿದ ಮೇಲೆ ಆ ಗೃಹೀತವು ಸಲ್ಲದಾಯಿತು. ಜಾಲತಾಣ ಮತ್ತು ಎಪಿಐಗಳು ಒಂದೇ ಮನೆಯಲ್ಲಿ ವಾಸವಾದಾಗ ಮೂರು ಬಗೆಯ ಎಡವಟ್ಟುಗಳು ಪದೇಪದೇ ಸಂಭವಿಸುತ್ತವೆ. ಜೆಸನ್ ರೂಪದ ಉತ್ತರವನ್ನು ನಿರೀಕ್ಷಿಸಿದ ಯಂತ್ರಕ್ಕೆ ಚಿತ್ರ ಬಣ್ಣಗಳಿಂದ ಕೂಡಿದ ‘ಕ್ಷಮಿಸಿ’ ಎಂಬ ಪುಟವು ಹೋಗುವುದು ಒಂದು. ಗುರುತು ತೋರಿಸದೆ ಬಂದ ಯಂತ್ರಕ್ಕೆ 401 ಎಂದು ಹೇಳುವ ಬದಲು ಲಾಗಿನ್ ಪುಟಕ್ಕೆ ದಾರಿ ತೋರಿಸುವುದು ಎರಡನೆಯದು. ಯಂತ್ರವು ಆ ದಾರಿಯನ್ನು ಹಿಡಿದು ಹೋಗಿ, ಲಾಗಿನ್ ಪುಟವನ್ನು 200 ಎಂಬ ಯಶಸ್ಸಿನ ಸಂಖ್ಯೆಯೊಡನೆ ಪಡೆದು, ಕೆಲಸವಾಯಿತೆಂದೇ ಭಾವಿಸುತ್ತದೆ. ಒಳಗೆ ದೋಷವಾಗಿದ್ದರೂ ಹೊರಗೆ 200 ಎಂದು ಬರೆದು, ಒಳಗಿನ ಸಾಲಿನಲ್ಲಿ ಮಾತ್ರ ‘ವಿಫಲ’ ಎನ್ನುವುದು ಮೂರನೆಯದು. ಇವೆಲ್ಲವೂ 1991ರ ಸ್ಥಿತಿಗೆ ಹಿಂದಿರುಗಿದಂತೆ: ಒಳಗಿನ ಮಾತನ್ನು ಓದದೆ ದೋಷವೋ ಯಶಸ್ಸೋ ತಿಳಿಯದು.

2016ರ ಜೂನಿನಲ್ಲಿ ಹೊಸದಾಗಿ ಬರೆಯಲ್ಪಟ್ಟು ಹೊರಬಂದ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಬೇಡಿಕೆಯು ಒಂದರೊಳಗೊಂದು ಇರುವ ಪದರಗಳ ಮೂಲಕ ಹಾದುಹೋಗುತ್ತದೆ. ಅಪವಾದವನ್ನು ಹಿಡಿಯುವ ಪದರವು ಎಲ್ಲಕ್ಕಿಂತ ಹೊರಗಿರಬೇಕು, ಎಂದರೆ ಮೊದಲು ನಮೂದಾಗಬೇಕು. ಅದಕ್ಕಿಂತ ಹೊರಗಿನ ಪದರದಲ್ಲಿ ಎದ್ದ ದೋಷವನ್ನು ಅದು ಹಿಡಿಯಲಾರದು. ಜಾಲತಾಣದ ಪುಟಗಳಿಗೆ ಒಂದು ಕವಲು, ಎಪಿಐಯ ವಿಳಾಸಗಳಿಗೆ ಇನ್ನೊಂದು ಕವಲು ಎಂದು ವಿಂಗಡಿಸಿ, ಮೊದಲನೆಯದಕ್ಕೆ ಪುಟವನ್ನೂ ಎರಡನೆಯದಕ್ಕೆ ಜೆಸನ್ ರೂಪದ ವಿವರವನ್ನೂ ಕಳುಹಿಸಬಹುದು. ವಿಳಾಸವು ಸಿಗದಿದ್ದಾಗ ಓದುಗನನ್ನು ಬೇರೊಂದು ದೋಷಪುಟಕ್ಕೆ ತಿರುಗಿಸಿ ಕಳುಹಿಸುವುದಕ್ಕಿಂತ, ಅದೇ ವಿಳಾಸದಲ್ಲಿ ದೋಷಪುಟವನ್ನು ನಡೆಸಿ 404 ಎಂಬ ಸಂಖ್ಯೆಯನ್ನು ಉಳಿಸಿಕೊಳ್ಳುವುದು ಲೇಸು. ಉತ್ತರದ ಮೊದಲ ಸಾಲುಗಳು ಒಮ್ಮೆ ಹೊರಟುಹೋದರೆ ಮತ್ತೆ ಅವುಗಳನ್ನು ಬದಲಿಸಲಾಗದು. ರವಾನೆಯಾದ ಆದೇಶವನ್ನು ಟಪ್ಪಾಲಿನಿಂದ ಹಿಂದಕ್ಕೆ ಎಳೆದುಕೊಳ್ಳಲಾಗದಂತೆ. ಲಾಗಿನ್ ಪುಟಕ್ಕೆ ತಿರುಗಿಸುವ ಎರಡನೆಯ ಎಡವಟ್ಟು ಎಷ್ಟು ಬೇರೂರಿತ್ತೆಂದರೆ, ಎಪಿಐ ಎಂದು ಗುರುತಿಸಲ್ಪಟ್ಟ ವಿಳಾಸಗಳಿಗೆ ಅದನ್ನು ತಾನಾಗಿಯೇ ನಿಲ್ಲಿಸುವ ಏರ್ಪಾಟು 2025ರ ನವೆಂಬರಿನ 10ನೆಯ ಆವೃತ್ತಿಯಲ್ಲಿ ಬಂದಿತು.

6

ಒಳವಿವರಗಳನ್ನು ಹೊರಗೆ ತೋರಿಸಬಾರದೆಂಬ ನಿಯಮವು ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ. 2010ರ ಸೆಪ್ಟೆಂಬರಿನಲ್ಲಿ ಜೂಲಿಯಾನೋ ರಿಜೋ ಮತ್ತು ಥಾಯ್ ಡುವಾಂಗ್ ಎಂಬ ಇಬ್ಬರು ಸಂಶೋಧಕರು ಎಎಸ್‌ಪಿ ಡಾಟ್ ನೆಟ್‌ನ ಒಂದು ದೌರ್ಬಲ್ಯವನ್ನು ತೋರಿಸಿಕೊಟ್ಟರು. ಗೂಢಲಿಪಿಯ ಬರಹವನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಸರ್ವರಿಗೆ ಮತ್ತೆಮತ್ತೆ ಕಳುಹಿಸಿದಾಗ, ಒಂದು ಬಗೆಯ ತಪ್ಪಿಗೆ ಒಂದು ಉತ್ತರ, ಮತ್ತೊಂದು ಬಗೆಯ ತಪ್ಪಿಗೆ ಮತ್ತೊಂದು ಉತ್ತರ ಬರುತ್ತಿತ್ತು. ಆ ವ್ಯತ್ಯಾಸವೊಂದರಿಂದಲೇ ಗೂಢಬರಹವನ್ನು ಬಿಡಿಸಲು ಸಾಧ್ಯವಾಗುತ್ತಿತ್ತು. ಸೆಪ್ಟೆಂಬರ್ 28ರಂದು ತಿದ್ದುಪಡಿಯು ಬರುವವರೆಗೆ, ಎಲ್ಲ ದೋಷಗಳಿಗೂ ಒಂದೇ ಪುಟವನ್ನು ತೋರಿಸುವಂತೆ ‘ಕಸ್ಟಮ್ ಎರರ್ಸ್’ ಭಾಗವನ್ನು ಬದಲಿಸಿರೆಂದು ಸಂಸ್ಥೆಯು ತಾತ್ಕಾಲಿಕವಾಗಿ ಸೂಚಿಸಿತು.

ಇಲ್ಲಿ ಒಂದು ವಿರೋಧವು ತೋರುವುದು ಸಹಜ. ಉತ್ತರವು ವಿವರವಾಗಿರಬೇಕೆಂದು ಹಿಂಬರಹದ ತತ್ತ್ವವು ಹೇಳಿದರೆ, ವಿವರವಾಗಿರಬಾರದೆಂದು 2010ರ ಅನುಭವವು ಹೇಳುತ್ತದೆ. ಆದರೆ ವಿವರಗಳಲ್ಲಿ ಎರಡು ಜಾತಿಗಳಿವೆ. ಕೇಳಿದವನು ಮುಂದೇನು ಮಾಡಬೇಕೆಂಬ ವಿವರವು ಅವನಿಗೆ ಸಲ್ಲತಕ್ಕದ್ದು. ಯಂತ್ರದ ಒಳಗೆ ಯಾವ ಸಾಲಿನಲ್ಲಿ ಏನು ಮುರಿಯಿತೆಂಬ ವಿವರವು ನಿರ್ವಾಹಕನ ಲಾಗ್ ಪುಸ್ತಕಕ್ಕೆ ಸಲ್ಲತಕ್ಕದ್ದು. ಇವೆರಡನ್ನು ಬೆಸೆಯುವುದಕ್ಕೆ ಒಂದು ಕ್ರಮಸಂಖ್ಯೆ ಸಾಕು. ಹಿಂಬರಹದ ನೆತ್ತಿಯ ಮೇಲೆ ಇರುವ ಕಡತದ ಸಂಖ್ಯೆಯ ಕೆಲಸವೂ ಇದೇ: ಕಡತದ ಒಳಟಿಪ್ಪಣಿ ಅರ್ಜಿದಾರನಿಗೆ ಕಾಣುವುದಿಲ್ಲ, ಆದರೆ ಆ ಸಂಖ್ಯೆಯನ್ನು ಹೇಳಿದರೆ ಶಿರಸ್ತೇದಾರನು ಕಡತವನ್ನು ತೆಗೆಯಬಲ್ಲನು. 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯಲ್ಲಿ ಪ್ರತಿಯೊಂದು ಅರ್ಜಿಗೂ 15 ಅಂಕಿಗಳ ಸಂಖ್ಯೆಯನ್ನು ಕೊಟ್ಟದ್ದೂ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರವನ್ನು ಗೊತ್ತುಪಡಿಸಿದ್ದೂ ಇದೇ ಹಾದಿಯ ಹೆಜ್ಜೆಗಳು.

ಎಪಿಐಗಳ ದೋಷೋತ್ತರಕ್ಕೆ ಒಂದು ಸಾಮಾನ್ಯ ನಮೂನೆಯನ್ನು ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಎರಿಕ್ ವಿಲ್ಡ ಅವರು 2016ರ ಮಾರ್ಚಿನಲ್ಲಿ 7807ನೆಯ ಆರ್‌ಎಫ್‌ಸಿಯಲ್ಲಿ ಪ್ರಕಟಿಸಿದರು. 2023ರ ಜುಲೈಯಲ್ಲಿ 9457ನೆಯದು ಅದರ ಸ್ಥಾನಕ್ಕೆ ಬಂದಿತು. ‘ಪ್ರಾಬ್ಲಮ್ ಡೀಟೇಲ್ಸ್’ ಎಂಬ ಈ ನಮೂನೆಯಲ್ಲಿ ಐದು ಅಂಶಗಳಿವೆ: ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟೆನ್ಸ್. ಇವನ್ನು ಹಿಂಬರಹದ ಅಂಗಗಳೊಡನೆ ಹೋಲಿಸಿ ನೋಡಿದರೆ ಆಶ್ಚರ್ಯವಾಗುವಷ್ಟು ಹೊಂದಿಕೆ ಕಾಣುತ್ತದೆ. ಯಾವ ನಿಯಮದ ಪ್ರಕಾರ ಎಂಬುದು ಟೈಪ್, ವಿಷಯದ ಸಾಲು ಟೈಟಲ್, ತೀರ್ಮಾನವು ಸ್ಟೇಟಸ್, ಈ ಅರ್ಜಿಗೆ ಮಾತ್ರ ಸಂಬಂಧಿಸಿದ ಕಾರಣವು ಡೀಟೇಲ್, ಕಡತದ ಸಂಖ್ಯೆಯೇ ಇನ್‌ಸ್ಟೆನ್ಸ್. ಇವುಗಳಲ್ಲಿ ಟೈಪ್ ಎಂಬುದು ಎಲ್ಲೆಡೆಯೂ ಒಂದೇ ಆಗಿರಬೇಕು. ಟೈಟಲನ್ನು ಓದುವವನ ಭಾಷೆಗೆ ತಕ್ಕಂತೆ ಬದಲಿಸಬಹುದು. ಯಂತ್ರಕ್ಕೆ ಸ್ಥಿರವಾದ ಗುರುತು, ಮನುಷ್ಯನಿಗೆ ಅವನ ನುಡಿ ಎಂಬ ಈ ವಿಂಗಡಣೆಯಿಂದ ದೋಷದ ವಾಕ್ಯವನ್ನು ಕನ್ನಡದಲ್ಲಿ ಕೊಡುವುದಕ್ಕೆ ಯಾವ ತಾಂತ್ರಿಕ ಅಡ್ಡಿಯೂ ಉಳಿಯುವುದಿಲ್ಲ. ರಾಜ್ಯಭಾಷಾ ಶಾಸನವು 1963ರಷ್ಟು ಹಿಂದೆಯೇ ಬಂದಿರುವ ನಾಡಿನಲ್ಲಿ ಯಶಸ್ಸಿನ ಮಾತು ಕನ್ನಡದಲ್ಲಿಯೂ ವೈಫಲ್ಯದ ಮಾತು ಇಂಗ್ಲಿಷಿನಲ್ಲಿಯೂ ಇರುವುದು ಯುಕ್ತವಲ್ಲ. ಸಹಾಯವು ಹೆಚ್ಚಾಗಿ ಬೇಕಾಗುವುದು ವೈಫಲ್ಯದ ಸಮಯದಲ್ಲಿಯೇ.

7

ಈ ವಿಷಯದಲ್ಲಿ ಪಣಕ್ಕಿಟ್ಟಿರುವುದೇನು ಎಂಬುದನ್ನು ಎರಡು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಮೊದಲನೆಯದು ಪಡಿತರದ ವಿಷಯ. ಆಧಾರ್ ದೃಢೀಕರಣದ ಎಪಿಐಯಲ್ಲಿ ದೋಷಗಳಿಗೆ ಅದರದೇ ಆದ ಸಂಖ್ಯೆಗಳಿವೆ. 100 ಎಂದರೆ ಹೆಸರು ಮೊದಲಾದ ವಿವರಗಳು ಹೊಂದಲಿಲ್ಲವೆಂದೂ, 300 ಎಂದರೆ ಬೆರಳಚ್ಚು ಮೊದಲಾದ ದೇಹಚಿಹ್ನೆಗಳು ಹೊಂದಲಿಲ್ಲವೆಂದೂ ಅರ್ಥ. ಎಚ್‌ಟಿಟಿಪಿಯ 300ಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರತಿಯೊಂದು ಸಂಖ್ಯೆಯನ್ನೂ ಅದರ ಪಟ್ಟಿಯಲ್ಲಿಯೇ ಓದಬೇಕು. ಹೊಗೆಸೊಪ್ಪನ್ನು ಕುಯ್ದು, ಸೌದೆ ಹೊತ್ತು ಬೆರಳಿನ ಗೆರೆ ಸವೆದ ಕೂಲಿಯವರಿಗೆ 300 ಬಂದರೆ ಬೇರೆ ಬೆರಳನ್ನೋ ಬೇರೆ ವಿಧಾನವನ್ನೋ ಪ್ರಯತ್ನಿಸಬೇಕು. ಕಾಡಿನ ಅಂಚಿನಲ್ಲಿ ಸಿಗ್ನಲ್ ಇಲ್ಲದೆ ಉತ್ತರವೇ ಬಾರದಿದ್ದರೆ ಬೆರಳನ್ನು ಹತ್ತು ಸಲ ಒತ್ತಿದರೂ ಪ್ರಯೋಜನವಿಲ್ಲ. ಉತ್ತರವೇ ಬಾರದ ದೋಷಕ್ಕೆ ಸರ್ವರು ಸಂಖ್ಯೆಯನ್ನು ಕೊಡಲಾರದು. ಕೇಳುವ ಯಂತ್ರವೇ ಕಾಲಮಿತಿಯನ್ನು ಇಟ್ಟುಕೊಂಡು, ‘ಸಂಪರ್ಕ ಸಿಗಲಿಲ್ಲ’ ಎಂದು ತಾನೇ ಹೇಳಬೇಕು. ಅದನ್ನೂ ‘ಬೆರಳು ಹೊಂದಲಿಲ್ಲ’ ಎಂದು ತೋರಿಸಿದರೆ ಯಂತ್ರದ ವೈಫಲ್ಯವು ಮನುಷ್ಯನ ಮೇಲಿನ ಸಂಶಯವಾಗಿ ಪರಿಣಮಿಸುತ್ತದೆ. ಅಷ್ಟೇ ಅಲ್ಲ, ಬೇಡಿಕೆಯು ತಲಪಿ ಕೆಲಸ ನಡೆದು ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುವುದೂ ಉಂಟು. ಆಗ ಪುನಃ ಕೇಳಿದರೆ ಅದೇ ಪಡಿತರ ಎರಡು ಸಲ ಲೆಕ್ಕಕ್ಕೆ ಬೀಳದಂತೆ, ಬೇಡಿಕೆಗೂ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿರಬೇಕು.

ಎರಡನೆಯದು ಅರಣ್ಯದ ಹಕ್ಕು. 2006ರ ಅರಣ್ಯಹಕ್ಕು ಶಾಸನದ ಪ್ರಕಾರ ಹಾಡಿಗಳ ಜನರು ಹಕ್ಕಿನ ಅರ್ಜಿಯನ್ನು ಸಲ್ಲಿಸಬಹುದು. 2012ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯಾದ ನಿಯಮಗಳು, ಅರ್ಜಿಯನ್ನು ತಿರಸ್ಕರಿಸಿದರೆ ಅದನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕೆಂದೂ, ಸಮಿತಿಗಳು ವಿವರವಾದ ಕಾರಣಗಳನ್ನು ಬರೆಯಬೇಕೆಂದೂ, 60 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿರಬೇಕೆಂದೂ ವಿಧಿಸಿದುವು. 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು, ಅರ್ಜಿಗಳು ತಿರಸ್ಕೃತವಾದವರನ್ನು ತೆರವುಗೊಳಿಸುವ ವಿಷಯದಲ್ಲಿ ರಾಜ್ಯಗಳಿಗೆ ಆದೇಶವನ್ನು ನೀಡಿತು. ಅದೇ ತಿಂಗಳ 28ರಂದು ಅದನ್ನು ತಡೆಹಿಡಿದು, ತಿರಸ್ಕಾರಕ್ಕೆ ಯಾವ ಕ್ರಮವನ್ನು ಅನುಸರಿಸಲಾಯಿತೆಂಬುದನ್ನು ರಾಜ್ಯಗಳಿಂದ ಕೇಳಿತು. ಕಾರಣವನ್ನು ತಿಳಿಸಿದರೋ ಇಲ್ಲವೋ ಎಂಬ ಪ್ರಶ್ನೆಗೆ ಮನೆ ಉಳಿಯುವುದೋ ಹೋಗುವುದೋ ಎಂಬಷ್ಟು ತೂಕವಿದೆಯೆಂದು ಇದರಿಂದ ಕಾಣುತ್ತದೆ. ಇಂತಹ ಅರ್ಜಿಗಳೂ ಗಣಕದ ದಾರಿಯನ್ನು ಹಿಡಿಯುವಾಗ, ಕಾರಣದ ಕಲಮನ್ನು ಖಾಲಿ ಬಿಟ್ಟು ‘ತಿರಸ್ಕೃತ’ ಎಂದಷ್ಟೇ ದಾಖಲಿಸಲು ಅವಕಾಶ ಕೊಡುವ ಕಾರ್ಯಕ್ರಮವು ನಿಯಮವನ್ನು ಮೀರಲು ಅವಕಾಶ ಕೊಟ್ಟಂತೆಯೇ ಸರಿ.

8

ಮೇಲಿನ ಪರಿಶೀಲನೆಯಿಂದ ಹೊರಡುವ ಸಾರಾಂಶವನ್ನು ಹೀಗೆ ಸಂಗ್ರಹಿಸಬಹುದು. ದೋಷದ ಉತ್ತರಕ್ಕೆ ಮೂವರು ಓದುಗರಿದ್ದಾರೆ: ಕೇಳಿದ ಮನುಷ್ಯ, ಕೇಳಿದ ಯಂತ್ರ, ಸರಿಪಡಿಸಬೇಕಾದ ನಿರ್ವಾಹಕ. ಮೊದಲನೆಯವನಿಗೆ ಅವನ ಭಾಷೆಯಲ್ಲಿ ಮುಂದಿನ ಹೆಜ್ಜೆ, ಎರಡನೆಯದಕ್ಕೆ ಸರಿಯಾದ ಸಂಖ್ಯೆ ಮತ್ತು ನಿಯತ ರೂಪ, ಮೂರನೆಯವನಿಗೆ ಪೂರ್ಣ ಒಳವಿವರ. ಮೂವರನ್ನೂ ಬೆಸೆಯುವುದಕ್ಕೆ ಒಂದು ಕ್ರಮಸಂಖ್ಯೆ. ಓದುಗನು ಒಬ್ಬನೇ ಎಂದು ಭಾವಿಸಿದಾಗಲೆಲ್ಲ ವ್ಯವಸ್ಥೆಯು ಎಡವಿದೆ. 1991ರಲ್ಲಿ ಮನುಷ್ಯನನ್ನು ಮಾತ್ರ ಎಣಿಸಿ ಯಂತ್ರವನ್ನು ಮರೆತರು. ಒಳವಿವರಗಳನ್ನು ಪರದೆಯ ಮೇಲೆ ಚೆಲ್ಲುವ ಸರ್ವರುಗಳಲ್ಲಿ ನಿರ್ವಾಹಕನನ್ನು ಮಾತ್ರ ಎಣಿಸಿ ಉಳಿದವರನ್ನು ಮರೆಯುತ್ತಾರೆ. ಬರಿಯ ಸಂಖ್ಯೆಯನ್ನು ಕಳುಹಿಸಿ ಸುಮ್ಮನಾಗುವಲ್ಲಿ ಯಂತ್ರವನ್ನು ಮಾತ್ರ ಎಣಿಸಿ ಮನುಷ್ಯನನ್ನು ಮರೆಯುತ್ತಾರೆ.

ಗಣಕಶಾಸ್ತ್ರವನ್ನು ಕಲಿಸುವ ನಮ್ಮ ಕಾಲೇಜುಗಳಲ್ಲಿ ದೋಷನಿರ್ವಹಣೆಯನ್ನು ಪಠ್ಯದ ಕೊನೆಯ ಅಧ್ಯಾಯವಾಗಿ, ಕಾಲಾವಕಾಶವಿದ್ದರೆ ಮುಗಿಸತಕ್ಕ ಭಾಗವಾಗಿ ಎಣಿಸುವುದುಂಟು. 1964ರ ಶಾಸನವನ್ನು ಬರೆದವರು ತಕರಾರಿನ ರಿಜಿಸ್ಟರನ್ನು ಕೊನೆಗೆ ಸೇರಿಸಿದ ಅನುಬಂಧವೆಂದು ತಿಳಿಯಲಿಲ್ಲ. ಹಕ್ಕಿನ ದಾಖಲೆಯ ನಂಬಿಕೆಯು ಅದರ ಮೇಲೆ ನಿಂತಿದೆಯೆಂದು ಬಗೆದು ಮ್ಯುಟೇಷನ್ ರಿಜಿಸ್ಟರಿನ ಪಕ್ಕದಲ್ಲಿಯೇ ಅದಕ್ಕೂ ಸ್ಥಳವನ್ನು ಕೊಟ್ಟರು. ಜಾಲತಾಣವನ್ನೂ ಎಪಿಐಯನ್ನೂ ಕಟ್ಟುವ ವಿದ್ಯಾರ್ಥಿಗಳು ಬೇಡಿಕೆಯು ನೆರವೇರುವ ದಾರಿಯನ್ನು ಬರೆಯುವ ದಿನವೇ, ಅದು ನೆರವೇರದಾಗ ಹೊರಡಬೇಕಾದ ಹಿಂಬರಹವನ್ನೂ ಬರೆದಿಡುವುದು ಉಚಿತ.